ಕ್ಯಾಂಪ್ ಬಿ, ಕೆನಡಾ ಬಿ

ಕಳೆದ ವಾರ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮಗಳ ಟ್ಯಾಬಿಗೆ ಗಾಜು ಹಾಕಿಸಲು ಅಂಗಡಿಯೊಂದರ ಮುಂದೆ ನಿಂತಿದ್ದೆ. ಪಕ್ಕದ ಗಲ್ಲಿಯಲ್ಲಿ ಯಾವುದೋ ಕಂಪನಿಯ ಬಿಳಿ ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಬಿಸಿಲಲ್ಲಿ ಬೆಂದ ರೆಕ್ಸಿನ್ ಸೀಟು, ಬೆವರು, ತಲೆನೋವಿನ ಮುಲಾಮು, ಇಷ್ಟೂ ಸೇರಿದ ಒಂದು ವಾಸನೆ ಹೊರಗೆ ಬಂತು. ನನ್ನ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು. ಫೋನು ಸದ್ದು ಮಾಡಿರಲಿಲ್ಲ. ಆದರೂ ತೆಗೆದು ನೋಡಿದೆ, ಯಾರಿಗಾದರೂ ಏನಾದರೂ ತಪ್ಪಿ ಕಳಿಸಿಬಿಟ್ಟಿದ್ದೇನೆಯೇ ಎಂದು. ಮೂರು ವರ್ಷ ಕಳೆದರೂ ಈ ಚಟ ಹೋಗಿಲ್ಲ.

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನಾವು ದುಬೈಯ ಅಲ್ ಕುಸೈಸಿನಲ್ಲಿದ್ದೆವು. ನಾನು, ಹೆಂಡತಿ ಝುಬೈದಾ, ಎಂಟು ವರ್ಷದ ಮಗಳು ಸನಾ. ನನ್ನ ಕೆಲಸ ಜೆಬೆಲ್ ಅಲಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ. ಹುದ್ದೆಯ ಹೆಸರು ಟ್ರಾನ್ಸ್‌ಪೋರ್ಟ್ ಕೋಆರ್ಡಿನೇಟರ್. ಕಾರ್ಮಿಕರ ಕ್ಯಾಂಪಿನಿಂದ ಗೋದಾಮಿಗೆ, ಗೋದಾಮಿನಿಂದ ಕ್ಯಾಂಪಿಗೆ ಬಸ್ಸು ಹೊರಡಿಸುವ ಕೆಲಸಕ್ಕೆ ಅಷ್ಟು ದೊಡ್ಡ ಹೆಸರು. ನಮ್ಮ ಉಳ್ಳಾಲದ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಹಿಡಿದು ಸೀಟಿ ಊದುವವನೂ ಇದನ್ನೇ ಮಾಡುತ್ತಾನೆ, ಅವನನ್ನು ಟೈಮ್‌ಕೀಪರ್ ಅನ್ನುತ್ತಾರೆ.

ಹದಿನಾಲ್ಕು ವರ್ಷ ಗಲ್ಫಿನಲ್ಲಿ ದುಡಿದವನಿಗೆ ಯಾವುದೋ ಒಂದು ದಿನ ಇದ್ದಕ್ಕಿದ್ದಂತೆ ಅರ್ಥವಾಗುತ್ತದೆ. ವೀಸಾ ಇರುವವರೆಗೆ ಮನೆ, ವೀಸಾ ಮುಗಿದರೆ ಖಲಾಸ್. ಹಾಗೆ ಅರ್ಥವಾದ ಮೇಲೆ ನಾವೂ ಎಲ್ಲರಂತೆ ಕೆನಡಾಕ್ಕೆ ಅರ್ಜಿ ಹಾಕಲು ಹೊರಟೆವು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಓದುವುದು, ಬರೆಯುವುದು ಹೇಗೋ ಆಗುತ್ತಿತ್ತು. ಮಾತಾಡುವ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದೆ. ಪರೀಕ್ಷೆ ಮಾಡುವವರು ಏನು ಕೇಳಿದರೂ ನಾನು "ಎವ್ರಿಥಿಂಗ್ ಈಸ್ ಗುಡ್" ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ನನ್ನ ನಾಲಿಗೆಯನ್ನು ನಾನೇ ಹಾಗೆ ಪಳಗಿಸಿದ್ದೆ.

ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ ಫ್ಲೇವಿಯಾ ಟೀಚರ್ ಇದ್ದರು. ಮಂಗಳೂರಿನವರು, ಶಾಲೆಯಿಂದ ನಿವೃತ್ತರಾಗಿ, ಟೊರೊಂಟೊದ ಹತ್ತಿರ ಮಗಳ ಮನೆಯಲ್ಲಿ ಎರಡು ವರ್ಷ ಇದ್ದು ಬಂದವರು. ಶನಿವಾರ ಸಂಜೆ ಅವರ ಹಾಲಿನಲ್ಲಿ ಕೆನಡಾಕ್ಕೆ ಹೋಗಲಿರುವ ಏಳೆಂಟು ಜನ ಕೂರುತ್ತಿದ್ದೆವು. ಕ್ಲಾಸಿನ ವಾಟ್ಸಾಪ್ ಗುಂಪಿನ ಹೆಸರು ‘ಕೆನಡಾ ಬಿ’. ಬಿ ಅಂದರೆ ಎರಡನೇ ಬ್ಯಾಚು.

"ಹನೀಫ್, ಎವ್ರಿಥಿಂಗ್ ಈಸ್ ಗುಡ್ ಅಂತ ಹೇಳಿದ್ರೆ ನಿಮ್ಮನ್ನು ಯಾರೂ ಕರ್ಕೊಂಡು ಹೋಗುದಿಲ್ಲ" ಎಂದರು ಮೊದಲ ದಿನವೇ. "ಅಲ್ಲಿ ಒಪೀನಿಯನ್ ಬೇಕು. ಅಭಿಪ್ರಾಯ ಇಲ್ಲದವನಿಗೆ ಮಾರ್ಕ್ ಇಲ್ಲ."

ಅಭಿಪ್ರಾಯ ಹುಟ್ಟಲಿ ಎಂದು ಅವರು ಕೆನಡಾದ ರೇಡಿಯೋ ಮಾತುಕತೆಗಳನ್ನು ಕೇಳಿಸುತ್ತಿದ್ದರು. ಜನ ಫೋನು ಮಾಡಿ ತಮಗೆ ತೋಚಿದ್ದನ್ನು ಹೇಳುವ ಕಾರ್ಯಕ್ರಮ. ಒಬ್ಬ ರೈತ ಮಹಿಳೆ ತೆರಿಗೆಯ ವಿಷಯಕ್ಕೆ ಪ್ರಧಾನಿಯನ್ನೇ ಹೆಸರು ಹಿಡಿದು ಬೈದಳು. ಇನ್ನೊಮ್ಮೆ ಅಲ್ಲಿನ ಮೂಲನಿವಾಸಿ ಅಜ್ಜಿಯೊಬ್ಬಳು ಮಾತಾಡಿದಳು. ತನ್ನ ಕಾಲದಲ್ಲಿ ಮಕ್ಕಳನ್ನು ತಾಯಂದಿರಿಂದ ಕಿತ್ತು ವಸತಿ ಶಾಲೆಗೆ ಹಾಕುತ್ತಿದ್ದರು, ಮನೆಮಾತು ಆಡಿದರೆ ಹೊಡೆಯುತ್ತಿದ್ದರು, ಸರ್ಕಾರ ಆಮೇಲೆ ಕ್ಷಮೆ ಕೇಳಿತು, ಆದರೆ ಕ್ಷಮೆ ಕೇಳಿದ್ದು ಸಾಲದು ಅಂದಳು. ರೆಕಾರ್ಡಿಂಗ್ ಮುಗಿದಾಗ ಭಟ್ಕಳದ ಮುಝಮ್ಮಿಲ್, ದೇರಾದಲ್ಲಿ ಬಟ್ಟೆ ಅಂಗಡಿಯಿರುವವರು, ಮೆಲ್ಲಗೆ ಕೇಳಿದರು.

"ಟೀಚರ್, ಇಷ್ಟೆಲ್ಲ ಹೇಳಿದ ಮೇಲೆ ಆ ಅಜ್ಜಿ ಮನೆಗೆ ಹೋದ್ರಾ?"

"ಮತ್ತೆಂತ? ಮನೆಗೆ ಹೋಗಿ ಊಟ ಮಾಡಿ ಮಲಗಿರ್ತಾಳೆ."

ಎಲ್ಲರೂ ನಕ್ಕೆವು. ಆದರೆ ಮುಝಮ್ಮಿಲ್ ಕೇಳಿದ್ದು ತಮಾಷೆಗಲ್ಲ ಎಂದು ನನಗೆ ಗೊತ್ತಿತ್ತು, ನಾನೂ ಅದನ್ನೇ ಕೇಳಬೇಕೆಂದಿದ್ದೆ. ಮತ್ತೊಂದು ವಾರ ಅಲ್ಲಿನ ತರಕಾರಿ ತೋಟಗಳಲ್ಲಿ ದುಡಿಯುವ ಹೊರದೇಶದ ಆಳುಗಳ ಕಥೆ ಬಂತು. ಒಂದು ಕೋಣೆಯಲ್ಲಿ ಹತ್ತು ಜನ, ಬಾಯಿಬಿಟ್ಟರೆ ವಾಪಸ್ ಕಳಿಸುತ್ತಾರೆಂಬ ಭಯ. "ಅಲ್ಲೂ ಕ್ಯಾಂಪ್ ಉಂಟಾ!" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. "ಉಂಟು. ಆದ್ರೆ ಅದರ ಬಗ್ಗೆ ರೇಡಿಯೋದಲ್ಲಿ ಜಗಳವೂ ಉಂಟು" ಎಂದರು ಟೀಚರ್.

ಇಂಥ ಚರ್ಚೆಯ ಹೊತ್ತಿಗೆ ನಾವು ಫೋನುಗಳನ್ನೆಲ್ಲ ಒಟ್ಟು ಮಾಡಿ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇಟ್ಟು ಬರುತ್ತಿದ್ದೆವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನಾವು ಆಡುತ್ತಿದ್ದದ್ದು ಹತ್ತು ಸಾವಿರ ಕಿಲೋಮೀಟರ್ ಆಚೆಯ ದೇಶದ ರಾಜಕೀಯ. ಆದರೂ ಹಕ್ಕು, ನ್ಯಾಯ ಎಂಬ ಪದಗಳನ್ನು ಗಟ್ಟಿಯಾಗಿ ಅನ್ನುವ ಮೊದಲು ಬಾಗಿಲ ಕಡೆ ನೋಡುತ್ತಿದ್ದೆವು. ಮರುದಿನ ಅದೇ ಫೋನಿನಲ್ಲಿ ಎರಡು ನಿಮಿಷ ಮಾತಾಡಿ, ರೆಕಾರ್ಡ್ ಮಾಡಿ ಗುಂಪಿಗೆ ಹೋಮ್‌ವರ್ಕ್ ಕಳಿಸುತ್ತಿದ್ದೆವು. ಹೆದರಿಕೆಗೂ ಬುದ್ಧಿಗೂ ಅಷ್ಟೇನೂ ನೆಂಟಸ್ತನ ಇಲ್ಲ.

ಜುಲೈ ತಿಂಗಳಲ್ಲಿ ಯಮನೂರಪ್ಪ ಬಿದ್ದ.

ಯಮನೂರಪ್ಪ ಕೊಪ್ಪಳದ ಕಡೆಯವನು, ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬೇಸಿಗೆಯ ಆ ತಿಂಗಳುಗಳಲ್ಲಿ ಕಾನೂನಿನಂತೆ ಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ನಮ್ಮ ಕಂಪನಿ ಅದನ್ನು ಪಾಲಿಸುತ್ತಿತ್ತು. ಆದರೆ ಬಸ್ಸಿಗೆ ಕಾಯುವುದು ಕೆಲಸ ಅಲ್ಲವಲ್ಲ. ಎರಡು ಗಂಟೆಗೆ ಪಾಳಿ ಬಿಟ್ಟವರು ಹೊರಗೆ ಬಂದು ಬಸ್ಸಿನ ಪಕ್ಕ ನಿಲ್ಲುತ್ತಿದ್ದರು. ಮೂರೂ ಗೋದಾಮಿನವರು ಸೇರುವವರೆಗೆ ಎಂಜಿನ್ ಹಾಕಬಾರದು, ಬಾಗಿಲು ತೆಗೆಯಬಾರದು, ಡೀಸೆಲ್ ಹಾಳು, ಎಂದು ಮ್ಯಾನೇಜರ್ ಹೇಳಿದ್ದರು. ಅದನ್ನು ಡ್ರೈವರುಗಳಿಗೆ ಟೈಪ್ ಮಾಡಿ ಕಳಿಸಿದವನು ನಾನು, ಕೆಳಗೆ ನನ್ನ ಹೆಸರು. ಕೆಲವು ದಿನ ಆ ಕಾಯುವಿಕೆ ಮುಕ್ಕಾಲು ಗಂಟೆ ದಾಟುತ್ತಿತ್ತು. ಅಂಥ ಒಂದು ದಿನ ಯಮನೂರಪ್ಪ ಚಕ್ರದ ಪಕ್ಕ ಕುಸಿದ, ಹಣೆ ಒಡೆಯಿತು. ಎತ್ತಿ ಬಸ್ಸಿನೊಳಗೆ ಹಾಕಿದವರಲ್ಲಿ ನಾನೂ ಇದ್ದೆ. ಅವನ ಮೈ ದೋಸೆ ಕಾವಲಿಯ ಹಾಗಿತ್ತು.

ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ರಿಪೋರ್ಟ್ ನಾನೇ ಬರೆಯಬೇಕಿತ್ತು. "ಬೆಳಿಗ್ಗೆ ತಿಂಡಿ ತಿಂದಿಲ್ಲ, ನೀರು ಕುಡಿದಿಲ್ಲ, ಸ್ವಂತ ನಿರ್ಲಕ್ಷ್ಯ. ಅಷ್ಟು ಬರೆದು ಮುಗಿಸು, ಹನೀಫ್" ಎಂದರು ಮ್ಯಾನೇಜರ್. ಬರೆದೆ. ಬಸ್ಸಿನ ಬಾಗಿಲಿನ ಮಾತು ಅದರಲ್ಲಿ ಬರಲಿಲ್ಲ. ಬಂದಿದ್ದರೆ ನನ್ನ ಹೆಸರೂ ಬರುತ್ತಿತ್ತು.

ಅದಾದ ಎರಡನೇ ವಾರಕ್ಕೆ ಟೀಚರ್ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ಒಬ್ಬರಿಗೆ ಅನ್ಯಾಯವಾದದ್ದನ್ನು ನೀವು ಕಂಡ ಸಂದರ್ಭ ವಿವರಿಸಿ. "ಉದಾಹರಣೆ ಕೊಡಿ, ಹೆಸರು ಕೊಡಿ, ಭಾವನೆ ಇರ್ಲಿ" ಎಂದಿದ್ದರು. ಭಾನುವಾರ ಸಂಜೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದೆ. ಎಲ್ಲ ಹೇಳಿಬಿಟ್ಟೆ. ಬಾಗಿಲು, ಡೀಸೆಲ್, ಯಮನೂರಪ್ಪನ ಹೆಸರು, ಆ ಆದೇಶ ಕಳಿಸಿದ್ದು ನಾನು, ರಿಪೋರ್ಟಿನಲ್ಲಿ ಬರೆದದ್ದು ಸುಳ್ಳು. ಇಂಗ್ಲಿಷಿನಲ್ಲಿ ಹೇಳುವಾಗ ಅದು ನನ್ನದಲ್ಲದ ಮಾತಿನಂತೆ ಸಲೀಸಾಗಿ ಬಂತು. ಕನ್ನಡದಲ್ಲೋ ಮನೆಮಾತು ಬ್ಯಾರಿಯಲ್ಲೋ ಆಗಿದ್ದರೆ ಮೊದಲ ವಾಕ್ಯವನ್ನೇ ಮುಗಿಸುತ್ತಿರಲಿಲ್ಲ. ಹುಡುಕಲು ಇಂಗ್ಲಿಷಿನ ಸಿ, ಎ ಎಂದು ಎರಡಕ್ಷರ ಒತ್ತಿದೆ, ಮೇಲೆ ಬಂದ ಗುಂಪಿಗೆ ಕಳಿಸಿ, ಮಗ್ರಿಬ್ ನಮಾಜಿಗೆ ಮಸೀದಿಗೆ ಹೋದೆ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಫೋನು ನೋಡಿದೆ. ಮೇಲೆ ಬಂದಿದ್ದ ಗುಂಪು ‘ಕ್ಯಾಂಪ್ ಬಿ’. ನಮ್ಮ ಕಾರ್ಮಿಕರ ಕ್ಯಾಂಪಿನ ಬಿ ಬ್ಲಾಕು. ನೂರಮೂವತ್ತು ಜನ, ಡ್ರೈವರುಗಳು, ಮತ್ತು ಮ್ಯಾನೇಜರ್.

ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಅಲ್ಲೇ ನಿಂತೆ. ಎಲ್ಲರಿಗೂ ಅಳಿಸು ಎಂದು ಒತ್ತಿದೆ. ಒತ್ತಿದ ಮೇಲೆ ಹೊಳೆಯಿತು, ಅಳಿಸುವ ಮೊದಲು ಯಾರ್ಯಾರು ಕೇಳಿದ್ದಾರೆ ಎಂದು ನೋಡಬಹುದಿತ್ತು. ಈಗ ಅದೂ ಹೋಯಿತು. ಕಳಿಸಿ ಇಪ್ಪತ್ತೆರಡು ನಿಮಿಷವಾಗಿತ್ತು. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಮಾತ್ರ ನೂರಮೂವತ್ತು ಫೋನುಗಳಲ್ಲಿ ನನ್ನ ಹೆಸರಿನ ಕೆಳಗೆ ಉಳಿಯಿತು.

ಮನೆಗೆ ಬಂದು ಹೇಳಿದಾಗ ಝುಬೈದಾ ಮೊದಲು ಕಿಟಕಿ ಹಾಕಿದಳು. "ಕಂಪನಿ ಹೆಸರು ಹೇಳಿದ್ದೀರಾ?" "ಇಲ್ಲ." "ಮ್ಯಾನೇಜರ್ ಹೆಸರು?" "ಇಲ್ಲ. ಯಮನೂರಪ್ಪಂದು ಮಾತ್ರ." "ನಿಮ್ಮ ಬಾಯಿಗೆ ಇಷ್ಟು ವರ್ಷ ಇಲ್ಲದ ರೋಗ ಈಗ ಎಂತಕ್ಕೆ ಬಂತು?" ಅಂದವಳು ಆಮೇಲೆ ಸನಾಳ ಶಾಲೆಯ ಬಗ್ಗೆ, ಬ್ಯಾಂಕಿನ ಕಂತಿನ ಬಗ್ಗೆ ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಹೆಚ್ಚು ಹೆದರಿಸಿತು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅದಕ್ಕಿಂತ ದೊಡ್ಡದೇನಾದರೂ ಬಂದರೆ ಕೆನಡಾದ ಕಾಗದವೂ ಹೋಗುತ್ತದೆ, ಯಾವ ದೇಶದ ಬಾಗಿಲೂ ತೆರೆಯುವುದಿಲ್ಲ. ಕಾನೂನು ಏನು ಹೇಳುತ್ತದೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರಿಂದ ಎಲ್ಲವನ್ನೂ ಊಹಿಸಿಕೊಂಡೆ.

ಮುಝಮ್ಮಿಲ್‌ಗೆ ಫೋನು ಮಾಡಿ ಹೇಳಿದೆ, ಯಾರಿಗಾದರೂ ಹೇಳದಿದ್ದರೆ ಹುಚ್ಚು ಹಿಡಿಯುತ್ತಿತ್ತು. ಅವರು "ಭಾಯಿ, ನಮ್ಮ ಕಸಿನ್‌ಗೆ ಗೊತ್ತಿದ್ದ ಒಬ್ಬರು..." ಎಂದು ಒಂದು ಕಥೆ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದರು. ಅರ್ಧ ಗಂಟೆಯೊಳಗೆ ‘ಕೆನಡಾ ಬಿ’ ಗುಂಪಿನಲ್ಲಿ ಮುಝಮ್ಮಿಲ್ ಗುಂಪು ತೊರೆದಿದ್ದಾರೆ ಎಂದು ಬಂತು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಮರುದಿನದ ಹೊತ್ತಿಗೆ ಅಭಿಪ್ರಾಯವುಳ್ಳವರ ಆ ಗುಂಪಿನಲ್ಲಿ ಟೀಚರ್ ಮತ್ತು ನಾನು ಇಬ್ಬರೇ. ಮೆಟ್ಟಿಲಲ್ಲಿ ಸಿಕ್ಕ ಟೀಚರ್, "ಎಂತ ಹೆದರುದು ಮಾರಾಯ್ರೆ, ಇಷ್ಟು ದಿನ ಕಲ್ತದ್ದೆಂತ?" ಎಂದು ಗದರಿದರು. "ನಾವಿನ್ನೂ ಕುಸೈಸಿನಲ್ಲೇ ಇದ್ದೇವಲ್ಲ ಟೀಚರ್" ಎಂದೆ. 

ಆಗಸ್ಟಿನ ಮೊದಲ ಹದಿನೈದು ದಿನ ಹೀಗೇ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನನಗಾಗಿಯೇ ಮಾಡಿದ್ದು. ಕಳಿಸಿದ ಮರುದಿನವೇ ಮ್ಯಾನೇಜರ್, "ಹನೀಫ್, ಫ್ರೀ ಆದಾಗ ಬಾ" ಎಂದಾಗ ಜೀವ ಬಾಯಿಗೆ ಬಂತು. ಹೋದರೆ ಬಸ್ಸಿನ ಟೈರಿನ ವಿಷಯ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಮೆಟ್ಟಿಲಿಗೆ ಹೋಗಿ ಎತ್ತುತ್ತಿದ್ದೆ, ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳುತ್ತಿದ್ದರು. ಕ್ಯಾಂಪಿಗೆ ಹೋದಾಗ ಯಾರಾದರೂ ನಕ್ಕರೆ ಇವನು ಕೇಳಿದ್ದಾನೆ ಅನಿಸುತ್ತಿತ್ತು. ನಗದಿದ್ದರೂ ಹಾಗೇ ಅನಿಸುತ್ತಿತ್ತು. ಹೊರಗೆ ಗಾಳಿ ಒಲೆಯ ಬಾಯಿಯಂತೆ ಬೀಸುತ್ತಿತ್ತು, ತೇವಕ್ಕೆ ಕನ್ನಡಕ ಮಂಜಾಗುತ್ತಿತ್ತು. ಆ ಮಂಜನ್ನು ಒರೆಸುವಷ್ಟು ಹೊತ್ತಿನಲ್ಲೇ ಯಾರೋ ಬಂದು ಎದುರಿಗೆ ನಿಲ್ಲುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ಕೊನೆಗೊಂದು ದಿನ ನಿಂತದ್ದು ಯಮನೂರಪ್ಪ. ಕ್ಯಾಂಪಿನ ನೀರಿನ ಯಂತ್ರದ ಹತ್ತಿರ, ಸುತ್ತ ಯಾರೂ ಇರಲಿಲ್ಲ. ಹಣೆಯ ಹೊಲಿಗೆ ಒಣಗಿತ್ತು.

"ಸರ್, ಅವತ್ತ ನೀವು ಇಂಗ್ಲೀಷಿನ್ಯಾಗ ಮಾತಾಡಿ ಹಾಕಿದ್ರಲ್ಲ, ಅದರಾಗ ನನ್ನ ಹೆಸರ ಕೇಳಿಸ್ತು. ಏನ ಅಂದಾರ ತಿಳೀಲಿಲ್ಲ. ಊರಾಗ ಮಗಳು ಪಿಯುಸಿ ಓದತಾಳ, ನೀವು ತಗಿಯೂಕಿಂತ ಮೊದಲ ಆಕೀಗೆ ಕಳಸಿದ್ನಿ. ಆಕಿ ಎಲ್ಲಾ ಬಿಡಿಸಿ ಹೇಳಿದ್ಲು."

ಹದಿನೈದು ದಿನದಿಂದ ಎಲ್ಲೆಲ್ಲೋ ಹುಡುಕುತ್ತಿದ್ದ ನನ್ನ ದನಿ ಕೊಪ್ಪಳದ ಯಾವುದೋ ಹಳ್ಳಿಯ ಒಂದು ಫೋನಿನಲ್ಲಿ ಕೂತಿತ್ತು.

"ನನಗ ವಾರ್ನಿಂಗ್ ಲೆಟರ್ ಕೊಟ್ಟಾರ್ರಿ. ನಿಂದ ತಪ್ಪು, ನೀನ ಉಪಾಸ ಇದ್ದಿ ಅಂತ. ಈ ತಿಂಗಳ ಕಡೀಕ ಊರಿಗೆ ಕಳಸ್ತಾರಂತ. ನೀವು ಅದರಾಗ ಹೇಳೀರಲ್ಲ, ಅಷ್ಟ ಆಫೀಸಿನ್ಯಾಗ ಹೇಳ್ರಿ ಸರ್. ಹೊಸಾದೇನೂ ಹೇಳೂದು ಬ್ಯಾಡ."

ನನ್ನ ಬಾಯಿಂದ ಬಂದದ್ದು ಇದು: "ಅದು ಪರೀಕ್ಷೆಗೆ ಅಭ್ಯಾಸ ಮಾಡಿದ್ದು ಯಮನೂರಪ್ಪ. ಸುಮ್ಮನೆ ಕಟ್ಟಿದ ಕಥೆ."

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ. "ಹಂಗಾರ ಪರೀಕ್ಷಾದಾಗ ಖರೆ ಹೇಳಬೇಕು, ರಿಪೋರ್ಟಿನ್ಯಾಗ ಸುಳ್ಳ ಹೇಳಬೇಕು. ಹಿಂಗೇನ್ರಿ ಕಾನೂನು?"

ಅದನ್ನು ಇನ್ನೂ ಯಾರಿಗೆ ಕಳಿಸಿದ್ದೀಯ ಎಂದು ಕೇಳಿದೆ. ಅದೊಂದೇ ನನಗೆ ಬೇಕಿದ್ದದ್ದು. ಅವನಿಗೆ ಅದು ಗೊತ್ತಾಯಿತು. ಫೋನು ತೆಗೆದು ನನ್ನೆದುರೇ ಅಳಿಸಿದ. ಆಮೇಲೆ ಅದನ್ನು ಬಾಯಿಯ ಹತ್ತಿರ ಹಿಡಿದು ಮಗಳಿಗೆ ಹೇಳಿ ಕಳಿಸಿದ: "ಯವ್ವಾ, ಆ ಸರ್ ಮಾತಾಡಿದ್ದು ತಗದ್ಬಿಡು. ಅವರಿಗೂ ಮಕ್ಕಳದಾರ, ಅಂಜ್ಯಾರ."

ನನಗೆ ಅಳು ಬರಬೇಕಿತ್ತು. ಬಂದದ್ದು ಸಮಾಧಾನ, ಬೆನ್ನ ಮೇಲಿನ ಅಕ್ಕಿ ಮೂಟೆ ಇಳಿಸಿದಂಥದ್ದು. ಅದನ್ನು ಬರೆಯಲು ಈಗಲೂ ನಾಚಿಕೆ.

ಒಂದು ಸಲ ಪ್ರಯತ್ನ ಪಟ್ಟೆ, ಅದನ್ನೂ ಹೇಳಬೇಕು. ಮಾರನೆಯ ದಿನ ಮ್ಯಾನೇಜರರ ಬಾಗಿಲು ತಟ್ಟಿ ಒಳಗೆ ಹೋದೆ. "ಯೆಸ್ ಹನೀಫ್?" ಎಂದು ತಲೆಯೆತ್ತಿದರು. ಕೆಟ್ಟ ಮನುಷ್ಯರಲ್ಲ, ಮೇಜಿನ ಮೇಲೆ ಮಕ್ಕಳ ಫೋಟೋ ಇತ್ತು, ಅವರಿಗೂ ಮೇಲಿನವರ ಹೆದರಿಕೆ ಇದ್ದೀತು. ನಾನು ಬಾಯಿ ತೆರೆದೆ. ಗೋದಾಮಿಗೆ ಇನ್ನೂ ಹತ್ತು ಪೆಟ್ಟಿಗೆ ನೀರಿನ ಬಾಟಲಿ ಬೇಕಿತ್ತು ಸರ್, ಎಂದೆ. ಆಯಿತು ಎಂದು ಸಹಿ ಹಾಕಿದರು.

ತಿಂಗಳ ಕೊನೆಗೆ ಯಮನೂರಪ್ಪನನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಗಾಡಿಯನ್ನು ಹೊರಡಿಸಿದವನೂ ನಾನೇ, ಅದು ನನ್ನ ಕೆಲಸ. ಅವನು ಬರುವ ಮೊದಲೇ ಎಂಜಿನ್ ಹಾಕಿ ತಂಪು ಮಾಡಿಡಲು ಡ್ರೈವರಿಗೆ ಹೇಳಿದ್ದೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಒಳಗೆ ಇಡುತ್ತ ಅವನು ಕೇಳಿದ. "ಪರೀಕ್ಷಾ ಯಾವಾಗ್ರಿ ಸರ್?"

"ಬರುವ ಶನಿವಾರ."

"ಚಲೋ ಆಗ್ತೈತಿ ತಗೋರಿ. ಮಗಳು ಹೇಳತಿದ್ಲು, ನಿಮಗ ಇಂಗ್ಲೀಷ್ ಭಾಳ ಚಲೋ ಬರತೈತಂತ."

ಅವನು ಚುಚ್ಚಿ ಹೇಳಿದನೋ, ಹರಸಿದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆ ವಾರ ಮನೆಯಲ್ಲಿ ಅಭ್ಯಾಸ ಮಾಡುವಾಗ ಬೇರೆ ಯಾವ ಉದಾಹರಣೆಯೂ ಬಾಯಿಗೆ ಬರಲಿಲ್ಲ. ಹೆಸರು ಬಿಟ್ಟು ಅದನ್ನೇ ಹೇಳಿದೆ. ಸನಾ ಫೋನಿನಲ್ಲಿ ಎರಡು ನಿಮಿಷ ಲೆಕ್ಕ ಹಿಡಿಯುತ್ತಿದ್ದಳು. ಝುಬೈದಾ ಬಟ್ಟೆ ಮಡಚುತ್ತ ಕೇಳಿ, "ಕೊನೆ ಸಪ್ಪೆ ಆಗ್ತದೆ. ನೀವು ಹೋಗಿ ಮ್ಯಾನೇಜರ್ ಹತ್ರ ನಿಜ ಹೇಳಿದಿರಿ, ಅವನ ಕೆಲಸ ಉಳೀತು ಅಂತ ಹೇಳಿ. ಎಂತ, ಅವರು ಬಂದು ನೋಡ್ತಾರಾ?" ಎಂದಳು.

ಶನಿವಾರ ನರೆಗೂದಲಿನ ಹೆಂಗಸೊಬ್ಬರು ಎದುರಿಗೆ ಕೂತಿದ್ದರು. ಕೊಟ್ಟ ಚೀಟಿಯಲ್ಲಿ, ಕಷ್ಟವಾದರೂ ನೀವು ಸತ್ಯ ಹೇಳಿದ ಸಂದರ್ಭ ವಿವರಿಸಿ ಎಂದಿತ್ತು. ಎರಡು ನಿಮಿಷ ಒಂದೇ ಓಟದಲ್ಲಿ ಮಾತಾಡಿದೆ. ಬಾಗಿಲು ತಟ್ಟಿದ್ದು, ಬಾಯಿ ತೆರೆದದ್ದು ಎಲ್ಲ ನಿಜವೇ ಆದ್ದರಿಂದ ಭಾವನೆಗೇನೂ ಕೊರತೆಯಿರಲಿಲ್ಲ. ಆಕೆ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಆ ಮನುಷ್ಯ ಈಗ ಹೇಗಿದ್ದಾರೆ?

"ಹೀ ಈಸ್ ಸ್ಟಿಲ್ ವಿತ್ ಅಸ್" ಎಂದೆ.

ಮಾತಿಗೆ ಒಂಬತ್ತಕ್ಕೆ ಎಂಟು ಬಂತು. ಝುಬೈದಾ ಬಿರಿಯಾನಿ ಮಾಡಿದಳು, ಫ್ಲೇವಿಯಾ ಟೀಚರ್ ಕೇಕ್ ತಂದರು, ಮುಝಮ್ಮಿಲ್ ವಾಪಸ್ ಗುಂಪಿಗೆ ಸೇರಿದರು. ಕೆನಡಾದ ಕಾಗದಕ್ಕೆ ಮಾತ್ರ ಇವತ್ತಿಗೂ ಅಬುಧಾಬಿಯಲ್ಲಿ ಕಾಯುತ್ತಿದ್ದೇವೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದು ಮೂರು ವಾರವಾಗಿತ್ತು. ಒಂದು ಸಂಜೆ ಸನಾ ಬ್ಯಾಗಿನಿಂದ ಒಂದು ಹಾಳೆ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಮೇಲೆ ‘ಮೈ ಹೀರೋ’ ಎಂದು ಬಣ್ಣದ ಅಕ್ಷರ, ಅದರಡಿ ನಾನು ಅಭ್ಯಾಸ ಮಾಡಿದ್ದ ಅದೇ ಕಥೆ ಅವಳ ಕೈಬರಹದಲ್ಲಿ, ಕೆಳಗೆ ಒಂದು ಬಸ್ಸು, ಅದರ ತೆರೆದ ಬಾಗಿಲಲ್ಲಿ ಕನ್ನಡಕದ ನಾನು. ಮೂಲೆಯಲ್ಲಿ ಮಿಸ್ ಅಂಟಿಸಿದ ಚಿನ್ನದ ನಕ್ಷತ್ರ.

"ಪಾಪಾ, ಐ ರೆಡ್ ಇಟ್ ಇನ್ ಫ್ರಂಟ್ ಆಫ್ ದ ಹೋಲ್ ಕ್ಲಾಸ್" ಎಂದಳು. "ಎವ್ರಿವನ್ ಕ್ಲ್ಯಾಪ್ಡ್."

ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಯಾವ ಸಾಲಿಗೆ ನಗುತ್ತೇನೆ ಎಂದು. ನಾನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಹುಡುಕುತ್ತಿದ್ದದ್ದು, ಕಂಪನಿಯ ಹೆಸರು ಎಲ್ಲಾದರೂ ಬರೆದಿದ್ದಾಳೆಯೇ ಎಂದು.